ಮೂರನೆಯ ಸಲ ಕೇಳದ ಮಾತು

ಮಾರ್ಚ್ ಹದಿನಾಲ್ಕು. ಬೆಳಿಗ್ಗೆ ಹಿಮ ಬೆರೆತ ಮಳೆ ಬಿದ್ದು ಮಧ್ಯಾಹ್ನದ ಹೊತ್ತಿಗೆ ನಿಂತಿತು. ಆಮೇಲೆ ಸಮರ್ಕಂದದ ಮೇಲೆ ತೆಳುವಾದ ಬಿಸಿಲು ಹರಡಿತು. ಅವಸರಪಟ್ಟು ಅರಳಿದ್ದ ಅಂಗಳದ ಏಪ್ರಿಕಾಟ್ ಮರದ ಹೂಗಳಲ್ಲಿ ಅರ್ಧದಷ್ಟು ಕೆಸರು ಸೇರಿದ್ದವು.

ಓಯ್ದಿನ್ ಅಡುಗೆಮನೆಯ ಮೇಜಿನ ಮೇಲೆ ಯುರೋಪಿನ ಭೂಪಟ ಹಾಸಿಕೊಂಡು ಕುಳಿತಿದ್ದಳು. ಅದು ಶಾಲೆಯ ಭೂಪಟ. ಅವಳು ಭೂಗೋಳದ ಪಾಠ ಹೇಳುತ್ತ ವರ್ಷವರ್ಷವೂ ಕೋಲಿನ ತುದಿ ಎಳೆದೆಳೆದು ಡ್ಯಾನ್ಯೂಬ್ ನದಿಯ ನೀಲಿ ಬಣ್ಣ ಬಿಳಿಚಿಕೊಂಡಿತ್ತು. ಆ ನದಿಯ ದಡದ ಊರುಗಳನ್ನು ಕಣ್ಣುಮುಚ್ಚಿ ಹೇಳಬಲ್ಲ ಓಯ್ದಿನ್ ಆ ನದಿಯನ್ನು ಕಂಡವಳಲ್ಲ. ಈಗ ನಲವತ್ತೆಂಟನೆಯ ವಯಸ್ಸಿನಲ್ಲಿ, ಜುಲೈ ರಜೆಯಲ್ಲಿ, ನೋಡುವ ಯೋಗ ಬಂದಿತ್ತು. ಜೊತೆಗೆ ಬರುವವರು ಇಬ್ಬರು, ಶಿಕ್ಷಕರ ಕಾಲೇಜಿನಿಂದಲೂ ಗೆಳತಿಯರು: ಔಷಧಿ ಅಂಗಡಿಯ ಮವ್ಜುದಾ ಮತ್ತು ಮಾತಿಗಿಂತ ನಗುವೇ ಹೆಚ್ಚಾದ ರಾನೊ.

ದುಡ್ಡು ಕಡಿಮೆ ಇದ್ದುದರಿಂದ ಯೋಜನೆಯೆಲ್ಲ ಓಯ್ದಿನಳ ತಲೆಗೇ ಬಿದ್ದಿತ್ತು. ತಾಷ್ಕೆಂಟಿನಿಂದ ಇಸ್ತಾಂಬುಲ್ ಮೂಲಕ ಬುಡಾಪೆಸ್ಟ್, ಅಲ್ಲಿಂದ ಬಸ್ಸು. ವಿಯೆನ್ನಾದಲ್ಲಿ ತಂಗುವುದು ದುಬಾರಿಯಾದ್ದರಿಂದ ಗಡಿಯಾಚೆಯ ಬ್ರಾತಿಸ್ಲಾವಾದಲ್ಲಿ ಮಲಗಿ ವಿಯೆನ್ನಾಕ್ಕೆ ಹಗಲು ಹೋಗಿಬರುವುದು. ಪ್ರಾಗ್‌ನಿಂದ ಹಿಂದಿರುಗಲು ರಾತ್ರಿ ಬಸ್ಸು, ಒಂದು ರಾತ್ರಿಯ ಕೋಣೆಬಾಡಿಗೆ ಉಳಿಯುತ್ತದೆ. ಊಟಕ್ಕೆ ಊರಿನಿಂದಲೇ ರೊಟ್ಟಿ, ಒಣಹಣ್ಣು, ಹಲ್ವಾ, ಉಪ್ಪುಮೊಸರಿನ ಉಂಡೆ. ಜೊತೆಗೆ ಚಹಾಕ್ಕೊಂದು ಕರೆಂಟಿನ ಕೆಟಲು. ಎಲ್ಲ ಕಡೆಯೂ ನಡಿಗೆ. ಕೋಣೆಗಳು ಮೂವರಿಗೆ.

ಈ ಯೋಜನೆಯಲ್ಲಿ ನಾಲ್ಕನೆಯವಳಿಗೆ ಜಾಗವಿರಲಿಲ್ಲ. ಆ ನಾಲ್ಕನೆಯವಳು ಶರೋಫತ್.

ಕಾಲೇಜಿನ ಹಾಸ್ಟೆಲ್ಲಿನಲ್ಲಿ ಮಂಚದ ಮೇಲಿನ ಗೋಡೆಗೆ ಡ್ಯಾನ್ಯೂಬಿನ ಚಿತ್ರ ಅಂಟಿಸಿದವಳೇ ಶರೋಫತ್. ಒಂದು ದಿನ ನಾಲ್ವರೂ ಆ ನೀರಿನಲ್ಲಿ ಕಾಲಿಡಬೇಕು ಎಂದು ಮೊದಲು ಹೇಳಿದವಳೂ ಅವಳೇ. ಈಗ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮೈ ಭಾರವಾಗಿತ್ತು. ಹೋದ ಚಳಿಗಾಲ ಮಂಜಿನ ಮೇಲೆ ಜಾರಿ ಬಿದ್ದು ಬಲಮಂಡಿ ನೋಯಿಸಿಕೊಂಡಿದ್ದಳು. ಅವಳು ಬಂದರೆ ನಡಿಗೆಯೆಲ್ಲ ಟ್ಯಾಕ್ಸಿಯಾಗುತ್ತದೆ, ಮೂವರ ಕೋಣೆ ನಾಲ್ವರದಾಗುತ್ತದೆ ಎಂದು ಓಯ್ದಿನ್ ಲೆಕ್ಕ ಹಾಕಿದ್ದಳು. ಅವಳಿಗಾಗಿ ಅಲ್ಲಲ್ಲಿ ನಿಂತು ಕಾಯುತ್ತಿದ್ದರೆ ತನ್ನ ಇಷ್ಟು ವರ್ಷಗಳ ಆಸೆ ಅರ್ಧಕ್ಕೇ ಮುಗಿದುಹೋದೀತು ಎಂಬುದನ್ನು ಯಾವ ಲೆಕ್ಕದಲ್ಲೂ ಸೇರಿಸಿರಲಿಲ್ಲ, ಆದರೆ ಯೋಚಿಸಿದ್ದಳು.

ಸಂಕಟವೆಂದರೆ, ಟಿಕೆಟಿನ ದುಡ್ಡು ಬಂದದ್ದೂ ಶರೋಫತಳಿಂದಲೇ. ಹನ್ನೆರಡು ಹೆಂಗಸರ ಚೀಟಿಕೂಟ ಅವರದು. ತಿಂಗಳಿಗೊಬ್ಬರ ಮನೆಯಲ್ಲಿ ಊಟ, ತಲೆಗೆ ಹತ್ತು ಲಕ್ಷ ಸೋಮ್. ಊಟ ಹಾಕಿದವಳಿಗೆ ಗಂಟು. ಮಾರ್ಚಿನ ಸರದಿ ಶರೋಫತಳದು, ಓಯ್ದಿನಳದು ಜುಲೈಯಲ್ಲಿ. ಅಗ್ಗದ ಟಿಕೆಟ್ ಮಾರ್ಚಿನಲ್ಲೇ ಮುಗಿಯುತ್ತದಂತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶರೋಫತ್ ತಾನಾಗಿಯೇ ಸರದಿ ಬದಲಾಯಿಸಿಕೊಂಡಳು. ಯಾಕೆ ಎಂದು ಓಯ್ದಿನ್ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು.

ಆ ಸಂಜೆ ಕೂಟ ಓಯ್ದಿನಳ ಮನೆಯಲ್ಲಿ ಸೇರಿತು. ಪುಲಾವಿನ ತಟ್ಟೆ ಖಾಲಿಯಾಗಿ ಹಸಿರು ಚಹಾ ಬಂದಾಗ ಮಾತು ಪ್ರವಾಸಕ್ಕೆ ತಿರುಗಿತು. ಓಯ್ದಿನ್ ಪ್ರತಿಯೊಬ್ಬರ ಬಟ್ಟಲಿಗೂ ಎರಡೇ ಗುಟುಕಿನಷ್ಟು ಚಹಾ ಹಾಕುತ್ತ, ಖಾಲಿಯಾದಂತೆಲ್ಲ ಮತ್ತೆ ಹಾಕುತ್ತ ಓಡಾಡುತ್ತಿದ್ದಳು. ಇನ್ನೂ ಕೂತಿರಲಿ ಎನಿಸುವ ಅತಿಥಿಗೆ ಹಾಗೇ ಹಾಕಬೇಕು. ಬಟ್ಟಲು ತುಂಬಿಸುವುದು, ಕುಡಿದು ಎದ್ದರೆ ಸಾಕು ಎನಿಸಿದವರಿಗೆ.

"ವಿಯೆನ್ನಾದಲ್ಲಿ ಒಂದು ಕಾಫಿಗೆ ಎಷ್ಟಂತೆ ಗೊತ್ತಾ?" ಎಂದಳು ಮವ್ಜುದಾ. "ನಮ್ಮ ಟೀಚರಮ್ಮ ಅದನ್ನೂ ಉಳಿಸ್ತಾರೆ. ಹೋಟೆಲ್ ಮುಂದೆ ನಿಲ್ಲಿಸಿ, ಉಸಿರೆಳ್ಕೊಳ್ಳಿ, ವಾಸನೆ ಬಂತಲ್ಲ, ನಡೀರಿ ಅಂತಾರೆ."

ರಾನೊ ನಕ್ಕು ನಕ್ಕು ಚಹಾ ಚೆಲ್ಲಿದಳು. ನಗು ಇಳಿಯುತ್ತಿದ್ದಂತೆ ಎಲ್ಲರ ಎದುರು ಓಯ್ದಿನ್ ಹೇಳಿದಳು: "ಶರೋಫತ್, ನೀನೂ ಬಾರೇ."

"ಅಯ್ಯೋ, ನನ್ನ್ಯಾಕೆ ಕರೀತೀಯ? ಈ ಮಂಡಿ ಕಟ್ಕೊಂಡು ನಾನೆಲ್ಲಿಗೆ ಬರ್ಲಿ" ಎಂದಳು ಶರೋಫತ್, ಮೇಜುಬಟ್ಟೆಯ ಅಂಚು ನೇವರಿಸುತ್ತ. ಅವಳ ಮುಖ ಕೆಂಪಾಗಿತ್ತು.

ಎರಡನೆಯ ಸಲ ಕೇಳಿದ್ದು ಬಾಗಿಲಲ್ಲಿ. ಅತಿಥಿಗಳು ಹೊರಡುವ ಮುಂಚೆ ಅವರ ಪಾದರಕ್ಷೆಗಳನ್ನು ಹೊರಮುಖವಾಗಿ ತಿರುಗಿಸಿಡುವುದು ಮನೆಯವಳ ಕೆಲಸ. ಶರೋಫತಳ ಹಳೆಯ ಕಪ್ಪು ರಬ್ಬರು ಮೆಟ್ಟುಗಳನ್ನು ತಿರುಗಿಸುತ್ತ, ತಲೆಯೆತ್ತದೆ, "ನಿಜವಾಗ್ಲೂ ಬರಲ್ವಾ?" ಎಂದಳು ಓಯ್ದಿನ್.

"ಇಲ್ಲ ಕಣೇ. ನೀವು ಹೋಗ್ಬನ್ನಿ. ನಾನು ಬಂದ್ರೆ ನಿಮಗೇ ತೊಂದ್ರೆ."

ಈ ಊರಿನಲ್ಲಿ ಮೊದಲ ಎರಡು 'ಬೇಡ'ಗಳನ್ನು ಯಾರೂ ಉತ್ತರವೆಂದು ಎಣಿಸುವುದಿಲ್ಲ. ಅವು ಮರ್ಯಾದೆಗೆ ಸಲ್ಲುವಂಥವು. ಮೂರನೆಯ ಸಲ ಕೇಳಿದಾಗ, ಇಷ್ಟೊಂದು ಹೇಳ್ತಿದ್ದೀಯಲ್ಲ ಎಂದು ಒಪ್ಪಿಕೊಳ್ಳುವುದಿದೆ. ಸಕ್ಕರೆಯ ತುಂಡಿನಿಂದ ಮದುವೆಯ ಮಾತಿನವರೆಗೆ ಹಾಗೆಯೇ ನಡೆದುಬಂದಿದೆ. ಶರೋಫತ್ ಮೆಟ್ಟು ಹಾಕಿಕೊಳ್ಳಲು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಒಂದನ್ನು ಹಾಕಿಕೊಂಡು ಗೋಡೆ ಹಿಡಿದು ನಿಂತಳು.

ಓಯ್ದಿನ್ ಒಳಗೆ ಯಾರೋ ಕರೆದಂತೆ ತಿರುಗಿದಳು. ಯಾರೂ ಕರೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಮೂರು ಟಿಕೆಟ್ ಕೊಂಡಳು. ಗಂಡ ಹಿಕ್ಮತ್, ಫ್ರಿಜ್ಜು ರಿಪೇರಿಯವನು, ಚೀಲಕ್ಕೆ ಸ್ಪ್ಯಾನರು ತುಂಬಿಕೊಳ್ಳುತ್ತ ಕೇಳಿದ: "ಶರೋಫತ್ ಬರಲ್ವಂತಾ?"

"ಬೇಡ ಅಂದ್ಲು."

"ಎಷ್ಟು ಸಲ ಬೇಡ ಅಂದ್ಲು?"

ಓಯ್ದಿನ್ ಸಾರಿನ ಉಪ್ಪು ನೋಡಿದಳು. ಹಿಕ್ಮತ್ ಮತ್ತೆ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು, ಜಗಳವಾದರೂ ಆಗುತ್ತಿತ್ತು.

ನವ್ರೂಜ್ ಹಬ್ಬಕ್ಕೆ ಶರೋಫತ್ ಬಂದಳು, ಮೊಳಕೆಗೋಧಿಯ ಸುಮಲಕ್ ತುಂಬಿದ ಬಟ್ಟಲು ಹಿಡಿದು. ಬೀದಿಯವರೆಲ್ಲ ಸೇರಿ ಕಾಯಿಸಿದ್ದಂತೆ. ತಾನು ಸೌಟು ತಿರುಗಿಸುತ್ತ ಮನಸ್ಸಿನಲ್ಲೇ ಒಂದನ್ನು ಬೇಡಿಕೊಂಡೆ, ಏನೆಂದು ಹೇಳಬಾರದು ಎಂದು ನಕ್ಕಳು. ಮಂಡಿ ಈಗ ಎಷ್ಟೋ ವಾಸಿ ಎಂದಳು. ಶಿಶುವಿಹಾರದ ಮೆಟ್ಟಿಲನ್ನು ಬೇಕೆಂದೇ ಹತ್ತಿ ಇಳಿಯುತ್ತಾಳಂತೆ. ಸಂಜೆ ಸಿಯಾಬ್ ಮಾರುಕಟ್ಟೆಯವರೆಗೆ ನಡೆದೇ ಹೋಗಿ ಬರುತ್ತಾಳಂತೆ. ಪ್ರವಾಸದ ಮಾತನ್ನು ಅವಳು ಎತ್ತಲಿಲ್ಲ. ಮಾತು ಅದರ ಸಮೀಪ ಬಂದಾಗಲೆಲ್ಲ ಓಯ್ದಿನಳ ಮುಖ ನೋಡಿ, ಚಹಾದ ಬಟ್ಟಲು ಕೈಗೆತ್ತಿಕೊಳ್ಳುತ್ತಿದ್ದಳು.

ಅವಳು ಏಳುವ ಮುಂಚೆ ಓಯ್ದಿನ್ ಬಾಗಿಲಿಗೆ ಹೋದಳು. ಹೊಸ್ತಿಲಲ್ಲಿ ರಬ್ಬರು ಮೆಟ್ಟುಗಳಿರಲಿಲ್ಲ. ಬಿಳಿಯ ಬೂಟುಗಳಿದ್ದವು, ದಪ್ಪ ಅಟ್ಟೆಯ, ಹುಡುಗಿಯರು ಓಡಲು ಹಾಕುವಂಥವು. ತಿರುಗಿಸಿಡಲು ಎತ್ತಿಕೊಂಡಾಗ ಹಿಮ್ಮಡಿಯ ಕಡೆ ಅಟ್ಟೆ ಆಗಲೇ ಸವೆಯತೊಡಗಿದ್ದು ಕಂಡಿತು, ಬಲಗಾಲಿನದು ಹೆಚ್ಚು. ಓಯ್ದಿನ್ ಅವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೆಯೇ ಕುಕ್ಕರುಗಾಲಲ್ಲಿ ಕುಳಿತಿದ್ದಳು.

"ಬೂಟು ಚೆನ್ನಾಗಿದೆ" ಎಂದಳು, ಶರೋಫತ್ ಹಿಂದೆ ಬಂದು ನಿಂತಾಗ.

"ಮಾರ್ಕೆಟ್ಟಿಗೆ ಹೋಗೋಕೆ ತಗೊಂಡೆ" ಎಂದಳು ಶರೋಫತ್.

ಆಗಲಾದರೂ ಕೇಳಬಹುದಿತ್ತು. ಓಯ್ದಿನಳ ಬಾಯಿಗೆ ಬಂದದ್ದು ಮಾತ್ರ ಬೂಟಿನ ಬೆಲೆ. ಶರೋಫತ್ ಬೆಲೆ ಹೇಳಿದಳು, ಕಡಿಮೆ ಮಾಡಿ ಹೇಳಿರಬೇಕು, ಹೊರಟುಹೋದಳು.

ಮೂರು ದಿನ ಓಯ್ದಿನಳಿಗೆ ಶಾಲೆಯಲ್ಲಿ ಭೂಪಟ ತೂಗುಹಾಕಲು ಮನಸ್ಸಾಗಲಿಲ್ಲ. ನಾಲ್ಕನೆಯ ದಿನ ಯೋಜನೆಯನ್ನು ಮತ್ತೆ ಹರಡಿಕೊಂಡಳು. ಮೂವತ್ತೊಂಬತ್ತು ಲಕ್ಷವಿದ್ದ ಟಿಕೆಟ್ ಐವತ್ತೆಂಟು ಲಕ್ಷಕ್ಕೆ ಏರಿತ್ತು. ಪ್ರಾಗ್ ಬಿಟ್ಟರೆ ಆ ಹೆಚ್ಚಳ ಸರಿದೂಗುತ್ತಿತ್ತು. ಪ್ರಾಗ್ ಬಿಡುವುದಕ್ಕೆ ಮವ್ಜುದಾ ಫೋನಿನಲ್ಲೇ ಒಪ್ಪಿದಳು. "ಅವಳು ಬರಲ್ಲ ಅಂದ್ಲು ಅಂತ ನೀನೇ ತಾನೇ ಹೇಳಿದ್ದು" ಎಂದು ಒಂದು ಮಾತು ಸೇರಿಸಿದಳು.

ಆ ಸಂಜೆಯೇ ಓಯ್ದಿನ್ ಶರೋಫತಳ ಮನೆಗೆ ಹೋದಳು. ಬಿಳಿಯ ಬೂಟುಗಳನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಒಣಹಾಕಿತ್ತು. ಶರೋಫತ್ ಸಂತೋಷದಿಂದಲೇ ಬರಮಾಡಿಕೊಂಡಳು. ಮೇಜಿಗೆ ರೊಟ್ಟಿ ಮುರಿದಿಟ್ಟಳು, ಬಟ್ಟಲಿನ ತಳ ಮುಚ್ಚುವಷ್ಟು ಚಹಾ ಹಾಕಿದಳು. ಓಯ್ದಿನ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಹೇಳಿದಳು.

"ಶರೋಫತ್, ನೀನೂ ಬರ್ಬೇಕು. ಪ್ರಾಗ್ ಬಿಟ್ಬಿಡೋಣ ಅಂತ ಮಾತಾಡಿದ್ದೀವಿ. ಟಿಕೆಟ್ಟಿಗೆ ಮೇಲೆ ಬೀಳೋದು ನಾನು ನೋಡ್ಕೋತೀನಿ."

ಶರೋಫತಳ ಮುಖದಲ್ಲಿ ಏನೋ ಬೆಳಗಿದ್ದು ನಿಜ. ಮರುಕ್ಷಣ ಅವಳು ಕೇಳಿದಳು: "ಟಿಕೆಟ್ ಏರಿದ್ಯಾ?"

"ಏರಿದೆ."

"ನಿಮ್ಮದು ತಗೊಂಡಾಯ್ತಾ? ಯಾವಾಗ?"

ಸುಳ್ಳು ಹೇಳುವುದು ಕಷ್ಟವಿರಲಿಲ್ಲ. ನಿನ್ನೆ ಎಂದರೂ ನಡೆಯುತ್ತಿತ್ತು. "ನಮ್ಮನೇಲಿ ಕೂಟ ಆಯ್ತಲ್ಲ" ಎಂದಳು ಓಯ್ದಿನ್, "ಮಾರನೇ ದಿನ ಬೆಳಿಗ್ಗೆ."

ಶರೋಫತ್ ಸ್ವಲ್ಪ ಹೊತ್ತು ರೊಟ್ಟಿಯ ಚೂರುಗಳನ್ನು ಒಟ್ಟುಮಾಡಿದಳು.

"ಆವತ್ತೆಲ್ಲ ಫೋನು ಜೇಬಲ್ಲೇ ಇಟ್ಕೊಂಡಿದ್ದೆ" ಎಂದಳು. "ಮಕ್ಕಳಿಗೆ ಉಣ್ಣಿಸುವಾಗ್ಲೂ. ನೀನು ಕೇಳ್ತೀಯ ಅಂತ."

ಓಯ್ದಿನ್ ತಪ್ಪಾಯಿತು ಎಂದಳು. ಮಂಡಿಯ ವಿಷಯ ಹೇಳಿದಳು, ಕೋಣೆಗಳ ವಿಷಯ ಹೇಳಿದಳು. ಹೇಳಿದಷ್ಟೂ ಅದು ಇನ್ನಷ್ಟು ಕೆಟ್ಟದಾಗಿ ಕೇಳಿಸಿತು. ಶರೋಫತ್ ಚಹಾದ ಪಾತ್ರೆಯನ್ನೆತ್ತಿ ಓಯ್ದಿನಳ ಬಟ್ಟಲಿಗೆ ಹಾಕತೊಡಗಿದಳು. ಕಾಲು, ಅರ್ಧ, ಅಂಚಿನವರೆಗೂ. ಇನ್ನೊಂದು ಹನಿ ಬಿದ್ದರೆ ತುಳುಕುವಂತಾದಾಗ ಪಾತ್ರೆ ಕೆಳಗಿಟ್ಟಳು.

"ಕುಡೀರಿ, ಓಯ್ದಿನ್‌ಖೋನ್. ಆರಿಹೋಗತ್ತೆ."

ಮೂವತ್ತು ವರ್ಷಗಳಲ್ಲಿ ಅವಳು ಓಯ್ದಿನಳಿಗೆ ಬಹುವಚನವನ್ನೂ ಹೆಸರಿಗೆ 'ಖೋನ್' ಎಂಬ ಗೌರವದ ಬಾಲವನ್ನೂ ಹಚ್ಚಿದ್ದು ಅದೇ ಮೊದಲು. ಓಯ್ದಿನ್ ಬಿಸಿ ಚಹಾವನ್ನು ನಾಲಿಗೆ ಸುಡುತ್ತಿದ್ದರೂ ತಳದವರೆಗೆ ಕುಡಿದು ಎದ್ದಳು.

ಜುಲೈಯಲ್ಲಿ ಅವರು ಹೊರಟಾಗ ಶರೋಫತ್ ರೈಲು ನಿಲ್ದಾಣಕ್ಕೆ ಬಂದಳು. ಬರದೆ ಇರುವ ಜಾತಿಯವಳಲ್ಲ. ದಾರಿಗೆ ಹೊರಟವರು ಒಂದು ತುತ್ತು ಕಚ್ಚಿ ಬಿಟ್ಟ ರೊಟ್ಟಿಯನ್ನು, ಅವರು ಮರಳುವವರೆಗೆ ಮನೆಯಲ್ಲಿ ತೂಗುಹಾಕಿಡುವುದುಂಟು. ಅದಕ್ಕೆ ರೊಟ್ಟಿ ತಂದಿದ್ದಳು. ಕಾಲಲ್ಲಿ ಕಪ್ಪು ರಬ್ಬರು ಮೆಟ್ಟುಗಳಿದ್ದವು. ಮವ್ಜುದಾಳಿಗೆ, ರಾನೊಗೆ "ಕಚ್ಚೇ, ಇನ್ನೂ ದೊಡ್ಡದು ಕಚ್ಚು" ಎಂದು ಒತ್ತಾಯ ಮಾಡಿದಳು. ಓಯ್ದಿನಳ ಮುಂದೆ ಒಂದೇ ಸಲ ಚಾಚಿದಳು. ಓಯ್ದಿನ್ ಕೂಡಲೇ ಕಚ್ಚಿದಳು.

ಪ್ರವಾಸ ಯೋಜನೆಯಂತೆಯೇ ನಡೆಯಿತು, ಪ್ರಾಗ್ ಕೂಡ ಸೇರಿ. ಬುಡಾಪೆಸ್ಟಿನಲ್ಲಿ ಎರಡನೆಯ ದಿನವೇ ಮವ್ಜುದಾಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಅಲ್ಲಿಂದ ಮುಂದೆ ಎಲ್ಲ ಊರಿನಲ್ಲೂ ಟ್ರಾಮು ಹತ್ತಬೇಕಾಯಿತು, ಬೆಂಚು ಕಂಡಲ್ಲೆಲ್ಲ ಕೂರಬೇಕಾಯಿತು. ಓಯ್ದಿನಳಿಗೆ ಅದರಿಂದ ಏನೂ ಬೇಸರವಾಗಲಿಲ್ಲ. ಡ್ಯಾನ್ಯೂಬಿನ ದಡದಲ್ಲಿ ರಾನೊ ಮತ್ತು ಮವ್ಜುದಾ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟರು. ಓಯ್ದಿನ್ ಮೇಲೆಯೇ ನಿಂತು ಅವರ ಚಪ್ಪಲಿಗಳನ್ನು ಹೊರಮುಖವಾಗಿ ತಿರುಗಿಸಿಟ್ಟಳು.

ಖರ್ಚು, ಮೂವರದೂ ಸೇರಿ: ವಿಮಾನದ ಟಿಕೆಟ್ ಒಂದು ಕೋಟಿ ಹದಿನೇಳು ಲಕ್ಷ ಸೋಮ್. ವೀಸಾಕ್ಕೆ ಮುನ್ನೂರ ಅರವತ್ತು ಯೂರೋ. ಬಸ್ಸಿಗೆ ನೂರ ಎಂಬತ್ತಮೂರು. ಟ್ರಾಮಿಗೆ ನೂರ ಇಪ್ಪತ್ತು. ಯೋಜನೆಯಲ್ಲಿ ಇದು ಇರಲಿಲ್ಲ. ಊಟಕ್ಕೆ ಇನ್ನೂರ ಅರವತ್ತನಾಲ್ಕು. ಕೋಣೆಗಳಿಗೆ ನಾನೂರ ಐವತ್ತಮೂರು. ಮೂರು ಊರಿನಲ್ಲೂ ಕೋಣೆಗೆ ನಾಲ್ಕು ಹಾಸಿಗೆಗಳಿದ್ದವು. ನಾಲ್ಕನೆಯದರ ಮೇಲೆ ಪೆಟ್ಟಿಗೆಗಳನ್ನು ಇಟ್ಟಿದ್ದರು. ಅದಕ್ಕೆ ಬೇರೆ ಬಾಡಿಗೆ ಕೇಳಲಿಲ್ಲ.