ಆ ಗೋಡೆಗೆ ಒಪ್ಪುವ ಬಿಳಿ

ಮದುವೆಯಾಗಿ ತೀರ್ಥಹಳ್ಳಿಯಿಂದ ಹೊಸನಗರದ ಈ ಮನೆಗೆ ಬಂದಾಗ ನನಗೆ ನಲವತ್ತೊಂದು ವರ್ಷ. ಗಂಡನ ಮೊದಲ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಮಗಳು ಸಾಗರದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಳು. ಗೋಡೆಗಳ ಕೆನೆಬಿಳಿ ಬಣ್ಣ ಆರಿಸಿದ್ದು ಅವಳ ತಾಯಿ. ಅದನ್ನು ಮುಟ್ಟಬಾರದೆಂದು ಮಗಳು ನಮ್ಮ ಮದುವೆಗೂ ಮುಂಚೆಯೇ ಅಪ್ಪನಿಗೆ ಹೇಳಿದ್ದಳಂತೆ. ಮುಟ್ಟುವ ಯೋಚನೆ ನನಗೂ ಇರಲಿಲ್ಲ.

ಆದರೆ ಕಿಟಕಿ, ಬಾಗಿಲುಗಳ ಚೌಕಟ್ಟಿನ ಕಂದು ಬಣ್ಣ ಎದ್ದು ಉದುರುತ್ತಿತ್ತು. "ಅದಕ್ಕೆ ಬಿಳಿ ಹೊಡ್ಸಣ. ಯಾವ ಬಿಳಿ ಅಂತ ನೀನೇ ನೋಡು," ಅಂದರು ಗಂಡ. ಅಂಗಡಿಯವರು ಕೊಟ್ಟ ಕಾರ್ಡಿನಲ್ಲಿ ಹನ್ನೊಂದು ಬಿಳಿಗಳಿದ್ದವು. ಮೂರು ದಿನ ಅದನ್ನು ಗೋಡೆಗೆ ಹಿಡಿದು ಹಿಡಿದು ನೋಡಿದೆ. ಒಂದು ನೀಲಿ ಎನಿಸಿತು, ಇನ್ನೊಂದು ಬೂದಿ. ಅಚ್ಚ ಬಿಳಿಯಾದರೆ ಯಾರೂ ತಪ್ಪು ಹೇಳಲಾರರು ಎಂದುಕೊಂಡು ಕೊನೆಗೆ ಅದನ್ನೇ ತರಿಸಿದೆ.

ಶುಕ್ರವಾರ ಸಂಜೆಯ ಹೊತ್ತಿಗೆ ನಡುಮನೆಯ ದೊಡ್ಡ ಕಿಟಕಿ ಮುಗಿದಿತ್ತು. ದೂರ ನಿಂತು ನೋಡಿದೆ. ಕಿಟಕಿಯೇನೋ ಚೆನ್ನಾಗಿತ್ತು. ಅದರ ಪಕ್ಕದ ಗೋಡೆ ಮಾತ್ರ ವರ್ಷಗಟ್ಟಲೆ ಹೊಗೆ ಕುಡಿದಂತೆ ಕೊಳೆಯಾಗಿ ಕಾಣುತ್ತಿತ್ತು.

"ಗೋಡೆಗೂ ಒಂದು ಕೈ ಬಿಳಿ ಹೊಡ್ದ್ರೆ ಸರಿಯಾಗ್ತದೆ ಅಮ್ಮ," ಅಂದರು ಪೇಂಟರ್.

"ಗೋಡೆ ಮುಟ್ಟೋದು ಬೇಡ." ನನ್ನ ದನಿ ನನಗೇ ಜೋರಾಗಿ ಕೇಳಿತು.

ಮರುದಿನ ಮಗಳು ಬರುವವಳಿದ್ದಳು. ಅವಳಮ್ಮನ ಗೋಡೆ ಹಳತಾಗಿದೆಯೆಂದು ತೋರಿಸಲಿಕ್ಕೇ ನಾನು ಹೀಗೆ ಮಾಡಿದೆನೆಂದುಕೊಂಡರೆ? ಬೆಳಿಗ್ಗೆ ಕಿಟಕಿಗೆ ಪರದೆ ಎಳೆದೆ. ಹಸಿ ಬಣ್ಣಕ್ಕೆ ಅಂಟೀತೆಂದು ಮತ್ತೆ ಸರಿಸಿದೆ.

ಮಧ್ಯಾಹ್ನದ ಬಸ್ಸಿಗೆ ಬಂದವಳು ಚೀಲವನ್ನೂ ಇಳಿಸದೆ ನಡುಮನೆಯಲ್ಲಿ ನಿಂತುಬಿಟ್ಟಳು.

"ಆಂಟಿ, ಗೋಡೆಗೆ ಏನಾಯ್ತು?"

"ಏನೂ ಆಗಿಲ್ಲ, ಯಾರೂ ಮುಟ್ಟಿಲ್ಲ. ನಾನು ಆರ್ಸಿದ ಬಿಳಿ ಸರಿಯಿಲ್ಲ. ಅದ್ರ ಪಕ್ಕ ಹಂಗೆ ಕಾಣ್ತದೆ." ಅಳು ಬಂದುಬಿಡುತ್ತದೇನೋ ಎಂದು ಹೆದರಿದೆ. "ಏನ್ ಮಾಡ್ಬೇಕು ಅಂತ ನಿನ್ನೆಯಿಂದ ಗೊತ್ತಾಗ್ತಿಲ್ಲ."

ಅವಳು ಅಟ್ಟ ಹತ್ತಿ, ಗೋಡೆಯ ಬಣ್ಣ ತುಸು ಉಳಿದಿದ್ದ ಹಳೆಯ ಡಬ್ಬಿ ಇಳಿಸಿ ತಂದು, ಬಾಗಿಲು ಉಜ್ಜುತ್ತಿದ್ದ ಪೇಂಟರ್ ಮುಂದಿಟ್ಟಳು. "ಇದನ್ನ ಬಿಳಿಗೆ ಸೇರ್ಸಿದ್ರೆ?"

"ಅದು ನೀರಿನ ಬಣ್ಣ, ಇದು ಎಣ್ಣೇದು. ಸೇರದಿಲ್ಲ." ಅವಳ ಮುಖ ಬಾಡಿದ್ದನ್ನು ಕಂಡು ಅವರು ತಮ್ಮ ಚೀಲದಿಂದ ಹಳದಿ ಬಣ್ಣದ ಪುಟ್ಟ ಬಾಟಲಿ ತೆಗೆದರು. "ಇದನ್ನ ಹನಿ ಹನಿ ಹಾಕಿ ಹತ್ರ ಹತ್ರ ತರ್ಬಹುದು."

ಪ್ರತಿ ಸಲವೂ ಬಿಳಿಗೆ ಕೆಲವು ಹನಿ ಹಾಕಿ, ಕಲಸಿ, ಹಲಗೆಯ ಚೂರಿಗೆ ಹಚ್ಚಿ ಕೊಟ್ಟರು. ಅವಳು ಅದನ್ನು ಗೋಡೆಗೆ ಹಿಡಿದಳು. ನಾನು ದೂರದಿಂದ ನೋಡಿದೆ. ಮೂರನೆಯ ಸಲಕ್ಕೆ ನಾನು ಸಾಕೆಂದೆ. ಅವಳು ತಲೆಯಾಡಿಸಿ, "ಇನ್ನೊಂಚೂರು," ಅಂದಳು. ಅವಳು ಹೇಳಿದ್ದೇ ಸರಿ. ನಾಲ್ಕನೆಯ ಚೂರಿನ ಪಕ್ಕ ಗೋಡೆ ಮೊದಲಿನಂತೆ ಕೆನೆಬಿಳಿಯಾಗಿ ಕಂಡಿತು.

ಭಾನುವಾರ ಬೆಳಿಗ್ಗೆ ಕಿಟಕಿಗೆ ಅದನ್ನು ಹೊಡೆದರು. ಸಂಜೆ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ನಾನೇ ಹೋದೆ. ಬಸ್ಸು ಹತ್ತಿ ಕೂತವಳು ಕಿಟಕಿಯಿಂದ ಬಗ್ಗಿ, "ನನ್ ರೂಮಿನ ಕಿಟಕಿ ಮುಂದಿನ ಶನಿವಾರ ಮಾಡ್ಸಿ. ನಾನೂ ಇರ್ತೀನಿ," ಅಂದಳು.

ಮನೆ ತಲುಪುವವರೆಗೂ ತಾಳದೆ, ಅಲ್ಲಿಂದಲೇ ಪೇಂಟರಿಗೆ ಫೋನ್ ಮಾಡಿ, ಕಲಸಿದ ಬಣ್ಣ ಮಗಳ ರೂಮಿಗೆ ಬೇಕು, ಬೇರೆ ಎಲ್ಲಿಗೂ ಬಳಸಬೇಡಿ ಎಂದೆ.