ಎದುರುದಾರಳು ಹಾಜರಿದ್ದಾಳೆ

ನಿಪ್ಪಾಣಿ ಕೋರ್ಟಿನ ಎದುರು ಪತ್ರಾಸ್ ತಗಡಿನ ನೆರಳಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ ಟೈಪ್ ಮಾಡುವುದು ನನ್ನ ಕಸುಬು. ಇಪ್ಪತ್ತು ವರ್ಷಗಳಲ್ಲಿ ಅಳುವವರನ್ನು, ಬೈಯುವವರನ್ನು, ಕಾಲಿಗೆ ಬೀಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಅಕ್ಕೋಳದ ಅನುಸೂಯಾಬಾಯಿ ಇದರಲ್ಲಿ ಯಾವುದನ್ನೂ ಮಾಡಲಿಲ್ಲ. ಮೂರು ವರ್ಷ ಒಂದು ತಾರೀಖೂ ತಪ್ಪಿಸದೆ ಬಂದಳು. ಆಡುಗಳಿಗೆ ಸೊಪ್ಪು ಹಾಕಿ, ಮೊದಲ ಬಸ್ಸು ಹಿಡಿದು, ರೊಟ್ಟಿಯ ಗಂಟಿನೊಂದಿಗೆ ಶಿವರಾಜ ವಕೀಲರ ಆಫೀಸಿನ ಮೆಟ್ಟಿಲ ಮೇಲೆ ಕೂರುವಳು. ವಕೀಲರು ಒಳಗೆ ಹೋಗಬೇಕೆಂದರೆ ಅವಳು ಏಳಬೇಕು. ಅವಳು ಬೇಗ ಏಳುತ್ತಿರಲಿಲ್ಲ.

ಅವಳ ಅಪ್ಪ ಲಗಮಣ್ಣ ತವರೂರು ಭೋಜದಲ್ಲಿ ತೀರಿಕೊಂಡಿದ್ದ. ಅವ್ವ ಮೊದಲೇ ಹೋಗಿದ್ದಳು, ಇವಳೊಬ್ಬಳೇ ಮಗಳು. ಉಳಿದದ್ದು ಒಂದು ಎಕರೆ ಹೊಲ, ಬೀಗ ಹಾಕಿದ ಎರಡು ಖೋಲಿಯ ಮನೆ. ಪಕ್ಕದ ಹೊಲ ದುಂಡೇಶನದು. ಲಗಮಣ್ಣ ಕಣ್ಣು ಮುಚ್ಚಿದ ಮೇಲೆ ದುಂಡೇಶನ ಟ್ರ್ಯಾಕ್ಟರು ವರ್ಷಕ್ಕೊಂದು ಸಾಲಿನಂತೆ ಬದುವನ್ನು ಈಚೆ ತಳ್ಳತೊಡಗಿತು. ಹೊಲ ಅಳೆಸಿ, ಅಂದರೆ ಮೋಜಣಿ ಮಾಡಿಸಿ, ಗಡಿಕಲ್ಲು ನೆಡಿಸಬೇಕೆಂದರೆ ಹೊಲದ ಪಹಣಿ, ನಮ್ಮ ಕಡೆಯ ಮಾತಿನಲ್ಲಿ ಉತಾರ, ಅವಳ ಹೆಸರಿಗಾಗಬೇಕು. ಅದಕ್ಕೆ ಅವಳೇ ವಾರಸುದಾರಳೆಂದು ಕೋರ್ಟು ಬರೆದುಕೊಡಬೇಕು. ಕಾಗದಗಳಲ್ಲಿ ತೊಡಕಿದೆ ಎಂದು ಊರ ಲೆಕ್ಕಿಗ ತಲಾಠಿ ಕೋರ್ಟಿನ ದಾರಿ ತೋರಿಸಿದ್ದ. ವಕೀಲರು ತಾರೀಖು ಮುಂದೆ ಹಾಕಿಸುತ್ತಾ ಹೋದಂತೆ ಅಲ್ಲಿ ಹೊಲ ಸಣ್ಣದಾಗುತ್ತಾ ಹೋಯಿತು.

ಶಿವರಾಜ ವಕೀಲರು ಕೆಟ್ಟವರಲ್ಲ. ಫೈಲು ಬಿಚ್ಚುವುದಿಲ್ಲ, ಅಷ್ಟೇ. ಮುಂದಿನ ತಾರೀಖಿಗೆ ಆಗಿಬಿಡುತ್ತದೆ ಎಂಬುದು ಅವರಿಗೆ ಬಾಯಿಪಾಠ. ಹೋದ ಜೂನಿನಲ್ಲಿ ಅನುಸೂಯಾಬಾಯಿ ಮೆಟ್ಟಿಲು ಬಿಟ್ಟು ಸೀದಾ ಒಳಗೆ ಬಂದು ಅವರ ಎದುರಿನ ಕುರ್ಚಿಯಲ್ಲಿ ಕೂತಳು. ಟೈಪ್ ಆದ ಕಾಗದ ಕೊಡಲು ನಾನೂ ಅಲ್ಲೇ ಇದ್ದೆ. ಫೈಲು ಬಿಚ್ಚುವ ತನಕ ತಾನು ಏಳುವುದಿಲ್ಲ ಎಂದಳು. ದನಿ ಏರಿಸಲಿಲ್ಲ. ವಕೀಲರು ಗುಮಾಸ್ತನ ಕಡೆ ನೋಡಿದರು, ಗೋಡೆ ಕಡೆ ನೋಡಿದರು, ಕೊನೆಗೆ ದಾರ ಬಿಚ್ಚಿದರು.

"ನಿಮ್ಮ ಅಕ್ಕಗ ನೋಟೀಸು ಮುಟ್ಟವಲ್ದ್ರಿ ಬಾಯಿ. ಭೋಜದ ಮನಿಗೆ ಕೀಲಿ ಅಂತ ಮೂರು ಸಲ ವಾಪಸ್ ಬಂದೈತಿ. ಆಕಿ ಬರಲಾರದ ಕೇಸು ಮುಂದ ಹೋಗೂದಿಲ್ಲ."

"ನನಗ ಅಕ್ಕ ಎಲ್ಲ್ಯದಾಳ್ರಿ?"

ವಕೀಲರು ಅರ್ಜಿ ನೋಡಿ ಹೇಳಿದರು. ಅರ್ಜಿದಾರಳು ಅನುಸೂಯಾ. ಎದುರುದಾರಳು ಚಂದ್ರಮತಿ, ಲಗಮಣ್ಣನ ಇನ್ನೊಬ್ಬ ಮಗಳು.

ಅನುಸೂಯಾಬಾಯಿ ಹೇಳಿದಳು, "ಚಂದ್ರಮತಿ ನಾನಽ ಅದೀನ್ರಿ."

ನಮ್ಮ ಈ ಗಡಿಭಾಗದ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅವತ್ತಿನಿಂದ ತವರಿನ ಹೆಸರು ಮುಗಿಯಿತು. ಇವಳ ಗಂಡ ಬಾಳಾಸಾಬ ಅಕ್ಕಿಯಲ್ಲಿ ಅನುಸೂಯಾ ಎಂದು ಬರೆದ. ಊರೆಲ್ಲ ಹಾಗೆಯೇ ಕರೆಯಿತು, ಆಧಾರ್ ಕಾರ್ಡಿನಲ್ಲೂ ಹಾಗೆಯೇ ಬಂತು. ಲಗಮಣ್ಣ ಮಾತ್ರ ಸಾಯುವ ತನಕ ಚಂದ್ರಮತಿ ಎಂದೇ ಕರೆದ. ಅವನ ಹಳೆಯ ರೇಷನ್ ಕಾರ್ಡಿನಲ್ಲಿ ಆ ಹೆಸರು, ಇವಳು ತಂದ ಕಾಗದದಲ್ಲಿ ಈ ಹೆಸರು. ಎರಡನ್ನೂ ಮುಂದಿಟ್ಟುಕೊಂಡು ಇಬ್ಬರು ಹೆಣ್ಣುಮಕ್ಕಳೆಂದು ಟೈಪ್ ಮಾಡಿದ ಜಾಣ ಬೇರೆ ಯಾರೂ ಅಲ್ಲ, ನಾನೇ. ವಕೀಲರು ಓದದೆ ಕಳಿಸಿದರು. ಇವಳಿಗೆ ಯಾರೂ ಓದಿ ಹೇಳದೆ ಸಹಿ ಹಾಕಿಸಿಕೊಂಡರು. ಮೂರು ವರ್ಷ ಆ ಹೆಂಗಸು ತನ್ನ ದಾರಿಯನ್ನು ತಾನೇ ಕಾಯುತ್ತಾ ಕೂತಿದ್ದಳು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ವಕೀಲರು ಗಂಟಲು ಸರಿಮಾಡಿಕೊಂಡು, ತಿದ್ದುಪಡಿ ಅರ್ಜಿ ಹಾಕೋಣ, ಅಫಿಡವಿಟ್ ಮಾಡೋಣ, ಪೇಪರಿನಲ್ಲಿ ಹಾಕಿಸೋಣ, ಆರು ತಿಂಗಳು ಸಾಕು ಎಂದರು. ಆರು ತಿಂಗಳೆಂದರೆ ದುಂಡೇಶನಿಗೆ ಇನ್ನೊಂದು ಸಾಲು.

"ಏನೂ ಹಾಕಬ್ಯಾಡ್ರಿ," ಎಂದಳು. "ನೋಟೀಸು ಯಾರ ಹೆಸರಿಗೈತಿ, ಆಕಿ ತಗೋತಾಳ."

ಮರುದಿನವೇ ಭೋಜಕ್ಕೆ ಹೋಗಿ ಅಪ್ಪನ ಮನೆಯ ಬೀಗ ತೆಗೆದಳು. ಕಸ ಹೊಡೆದು, ನೆಲ ಸಾರಿಸಿ, ಒಲೆ ಹಚ್ಚಿದಳು. ನಾಲ್ಕು ಆಡುಗಳನ್ನು ಅಂಗಳದಲ್ಲಿ ಕಟ್ಟಿದಳು. ಹೊಗೆ ಕಂಡು ಬಂದ ದುಂಡೇಶ, ಎಷ್ಟು ದಿನ ಇರುತ್ತೀ ಅಕ್ಕಾ ಎಂದು ಕೇಳಿದನಂತೆ. ಚಂದ್ರಮತಿಗೆ ಟಪಾಲು ಬರುವುದಿದೆ, ಬರುವ ತನಕ ಎಂದಳಂತೆ. ಮನೆಗೆ ಬಾ ಎಂದು ಬಾಳಾಸಾಬ ಎರಡು ಸಲ ಫೋನು ಮಾಡಿದ. ಅವಳು ಹೋಗಲಿಲ್ಲ.

ಹನ್ನೊಂದನೆಯ ದಿನ, ನಾಲ್ಕನೆಯ ಸಲ ಹೊರಟ ನೋಟೀಸು ಹಿಡಿದು ಕೋರ್ಟಿನ ಬೇಲೀಫ ಭರಮು ಬಂದ. ಈ ಸಲವೂ ಬೀಗ ಇರುತ್ತದೆಂದು ಅವನು ಸ್ಕೂಟರ್ ಕೂಡ ಬಂದ್ ಮಾಡಿರಲಿಲ್ಲ. ಅವಳು ನಾಲ್ಕನೆಯ ಇಯತ್ತೆಯ ಶಾಲೆ ದಾಖಲೆ ಮುಂದೆ ಹಿಡಿದಳು. ಪಕ್ಕದ ಮನೆಯ ಮುದುಕಿ ಸಕ್ಕುಬಾಯಿ, ಇವಳು ಹುಟ್ಟಿದಾಗ ಹೊಕ್ಕಳು ಕೊಯ್ದವಳು ತಾನೇ ಎಂದು ಹೆಬ್ಬೆಟ್ಟು ಒತ್ತಿದಳು. ಮೂವತ್ತೆರಡು ವರ್ಷ ಬರೆಯದ ಹೆಸರನ್ನು ಅನುಸೂಯಾಬಾಯಿ ಒಂದೇ ಉಸಿರಿಗೆ ಬರೆದಳು. ಇದನ್ನೆಲ್ಲ ಭರಮು ಆಮೇಲೆ ನನಗೆ ಹೇಳಿದ.

ತಾರೀಖಿನ ದಿನ ಅರ್ಜಿದಾರಳನ್ನು ಕೂಗಿದರು, ಅವಳು ಕೈ ಎತ್ತಿದಳು. ಎದುರುದಾರಳನ್ನು ಕೂಗಿದರು, ಅವಳೇ ಕೈ ಎತ್ತಿದಳು. ಕೋರ್ಟು ನಕ್ಕಿತು. ಜಡ್ಜರು ನಗಲಿಲ್ಲ. ಶಾಲೆ ದಾಖಲೆ ನೋಡಿದರು, ಸಕ್ಕುಬಾಯಿಯನ್ನು ವಿಚಾರಿಸಿದರು, ವಕೀಲರ ಕಡೆ ಒಂದು ಸಲ ದಿಟ್ಟಿಸಿದರು. ಆಮೇಲೆ, ಚಂದ್ರಮತಿಯವರೇ, ಅನುಸೂಯಾಗೆ ವಾರಸಾ ಕೊಡಲು ನಿಮ್ಮ ತಕರಾರು ಏನಾದರೂ ಇದೆಯೇ ಎಂದು ಕೇಳಿದರು.

ಇಲ್ಲ ಎನ್ನು ಎಂದು ವಕೀಲರು ಸನ್ನೆ ಮಾಡಿದರು. ಅವಳು ನೋಡಲೇ ಇಲ್ಲ.

"ಐತ್ರಿ ಸಾಹೇಬ್ರ. ಅಕ್ಕಿ ಒಳಗ ಹೆಸರು ಬರಿಯೂವಾಗ ನನ್ನ ಯಾರೂ ಕೇಳಲಿಲ್ಲ. ಅಪ್ಪನ ಹೊಲ ಅಪ್ಪನ ಮಗಳಿಗೆ ಬರಬೇಕು. ಉತಾರದಾಗ ಮೊದಲ ಚಂದ್ರಮತಿ ಅಂತ ಬರೀರಿ, ಅನುಸೂಯಾ ಹಿಂದ ಬರಲಿ."

ಒಂದು ತಿಂಗಳಲ್ಲಿ ಆದೇಶ ಬಂತು: ಚಂದ್ರಮತಿ ಉರ್ಫ್ ಅನುಸೂಯಾ, ಲಗಮಣ್ಣನ ಏಕೈಕ ವಾರಸುದಾರಳು. ಉತಾರವಾದ ದಿನವೇ ಅವಳು ಮೋಜಣಿ ಅರ್ಜಿ ಬರೆಸಲು ನನ್ನ ಟೇಬಲ್ಲಿಗೆ ಬಂದಳು. ತಪ್ಪಾಯಿತು ಬಾಯಿ ಎಂದೆ. ಅವಳು ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂತು ಪರದೆಯ ಮೇಲೆ ಬೆರಳಿಟ್ಟಳು.

"ಒಬ್ಬಾಕೀನ ಅದೀನಿ ಅಣ್ಣಾ. ಈ ಸಲ ನೋಡಿ ಹೊಡಿ."