ನೀರಕೋಟೆಗೆ ಹಾಕಿದ ಮಾಲೆ

ಮೊನ್ನೆ ಸಂಜೆ ಮೆಟ್ರೋ ಇಳಿದು ಬರುವಾಗ ಹೂವಿನ ಗಾಡಿಯ ಮುಂದೆ ಕಾಲು ತಾನಾಗಿ ನಿಂತಿತು. ಮಳೆಗೆ ನೆಂದ ಚೆಂಡುಹೂವಿನ ವಾಸನೆ. ಅದೇನು ಮಲ್ಲಿಗೆಯಂಥ ಹಿತವಾದ ವಾಸನೆಯಲ್ಲ, ಮೂಗಿಗೆ ಸ್ವಲ್ಪ ಕಟುವೇ... ಆದರೂ ಅದು ಬಂದರೆ ಸಾಕು, ನಮ್ಮ ಅಪಾರ್ಟ್‌ಮೆಂಟಿನ ಗೇಟು, ಗೇಟಿನ ಪಕ್ಕದ ನೀಲಿ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ ಸೆಕ್ಯೂರಿಟಿ ಕಾಕಾ ನನ್ನ ಕಣ್ಣ ಮುಂದೆ ಬರುತ್ತಾರೆ. ಒಂದು ಮಾಲೆ ಕೊಂಡೆ. ಯಾಕೆ ಕೊಂಡೆ ಎಂದು ಆಗ ಯೋಚಿಸಲಿಲ್ಲ.

ನಾವು ವೈಟ್‌ಫೀಲ್ಡಿಗೆ ಬಂದ ಕಾಲದಲ್ಲಿ ಮೆಟ್ರೋ ಕಂಬಗಳಿರಲಿಲ್ಲ. ಮಾರತ್ತಹಳ್ಳಿ ದಾಟುವುದೇ ಒಂದು ಪ್ರವಾಸ. ನಮ್ಮ ಬಿಲ್ಡರ್ ಮಹಾಶಯ ಒಮ್ಮೆ ಇಂಗ್ಲೆಂಡಿಗೆ ಹೋಗಿ, ಕೆಂಟ್ ಎಂಬ ಜಿಲ್ಲೆಯ ಹಳೆಯ ಕಟ್ಟಡಗಳನ್ನು ನೋಡಿ ಮರುಳಾಗಿ ಬಂದಿದ್ದನಂತೆ. ಹಾಗಾಗಿ ನಮ್ಮ ಮೂರು ಬ್ಲಾಕುಗಳಿಗೆ ಡೋವರ್, ಲೀಡ್ಸ್, ಕ್ಯಾಂಟರ್ಬರಿ ಎಂದು ಹೆಸರು. ಡೋವರ್ ಮತ್ತು ಲೀಡ್ಸ್ ಅಲ್ಲಿನ ಕೋಟೆಗಳು, ಕ್ಯಾಂಟರ್ಬರಿಯದು ದೊಡ್ಡ ಚರ್ಚು. ಒಂದೊಂದು ಬ್ಲಾಕಿನ ಲಾಬಿಯಲ್ಲಿ ಒಂದೊಂದರ ಫೋಟೋ, ಬಾಗಿಲಿನಷ್ಟು ಎತ್ತರದ್ದು, ಬಂಗಾರದ ಬಣ್ಣದ ಚೌಕಟ್ಟಿನಲ್ಲಿ. "ಲೀಡ್ಸ್‌ನಲ್ಲಿ ಮನೆ ತಗೊಂಡೆವು" ಎಂದರೆ ಗದಗಿನಲ್ಲಿದ್ದ ನನ್ನ ಅತ್ತೆ, "ಪಾಸ್‌ಪೋರ್ಟ್ ಯಾವಾಗ ಮಾಡಿಸಿದ್ರಿ?" ಎಂದು ಕೇಳಿದ್ದರು.

ಕಾಕಾ ಬಾಗಲಕೋಟೆ ಕಡೆಯವರು. ಎಲ್ಲರಿಗೂ ಸಾರ್, ಮೇಡಂ ಎನ್ನುತ್ತಿದ್ದ ಅವರು ನನ್ನ ಮಾತಿನ ಧಾಟಿ ಕೇಳಿದ ದಿನದಿಂದ ನನ್ನನ್ನು "ಯವ್ವಾ" ಎನ್ನತೊಡಗಿದರು. ಬ್ಲಾಕುಗಳಿಗೆ ಅವರದೇ ಹೆಸರುಗಳಿದ್ದವು. ಸಮುದ್ರದ ಪಕ್ಕದ ಗುಡ್ಡದ ಮೇಲಿರುವ ಡೋವರ್ ಅವರ ಬಾಯಲ್ಲಿ ಗುಡ್ಡದಕೋಟೆ, ಕ್ಯಾಂಟರ್ಬರಿ ದೊಡ್ಡಗುಡಿ, ಕೆರೆಯ ನಡುವೆ ನಿಂತ ನಮ್ಮ ಲೀಡ್ಸ್ ನೀರಕೋಟೆ. ಹಾಲಿನವನು, ಪೇಪರಿನವನು, ಗ್ಯಾಸಿನವನು, ಮನೆಗೆಲಸದವರು ಎಲ್ಲರೂ ಅದನ್ನೇ ಕಲಿತರು. ಕೊನೆಕೊನೆಗೆ ನಾವೂ ಫೋನಿನಲ್ಲಿ "ನೀರಕೋಟೆ ಮೂರನೇ ಫ್ಲೋರ್" ಎನ್ನುವ ಮಟ್ಟಕ್ಕೆ ಬಂದೆವು.

ಪ್ರತಿ ಸೋಮವಾರ ಬೆಳಿಗ್ಗೆ ಮೂರೂ ಫೋಟೋಗಳಿಗೆ ಚೆಂಡುಹೂವಿನ ಮಾಲೆ ಬೀಳುತ್ತಿತ್ತು. ಹಾಕುವವರು ಕಾಕಾ. ಪಾಪ, ದೇವಸ್ಥಾನ ಅಂದುಕೊಂಡಿದ್ದಾರೆ ಎಂದು ನಾವು ನಕ್ಕು ಸುಮ್ಮನಾಗಿದ್ದೆವು. ಆದರೆ ಅಸೋಸಿಯೇಷನ್ನಿಗೆ ಹೊಸ ಸೆಕ್ರೆಟರಿ ಬಂದರು. ಅವರಿಗೆ ಎಲ್ಲವೂ ನೀಟಾಗಿರಬೇಕು. "ಏನ್ರೀ ಇದು, ಲಾಬಿನೋ ಗುಡಿನೋ? ಇನ್ನೊಂದ್ಸಲ ಹೂವು ಕಂಡ್ರೆ ಏಜೆನ್ಸಿಗೆ ಹೇಳಿ ಮನೆಗೆ ಕಳಿಸ್ಬಿಡ್ತೀನಿ," ಎಂದು ಎಲ್ಲರೆದುರೇ ಗದರಿದರು. ಕಾಕಾ ತಲೆ ತಗ್ಗಿಸಿ ನಿಂತಿದ್ದರು. ಮುಂದಿನ ಸೋಮವಾರ ನೋಡಿದರೆ ಮತ್ತೆ ಮಾಲೆ!

ನನಗೆ ದಿಗಿಲಾಯಿತು. ಈ ವಯಸ್ಸಿನಲ್ಲಿ ಕೆಲಸ ಹೋದರೆ ಎಲ್ಲಿಗೆ ಹೋಗುತ್ತಾರೆ? ಸೆಕ್ರೆಟರಿ ವಾಕಿಂಗ್ ಮುಗಿಸಿ ಬರುವುದರೊಳಗೆ ತೆಗೆಸಬೇಕೆಂದು ಕಾಕಾರನ್ನು ಲಾಬಿಗೆ ಕರೆದುಕೊಂಡು ಬಂದು, "ಯಾಕ ಕಾಕಾ ಹಟಾ ಮಾಡ್ತೀರಿ? ಇವೇನು ದೇವರಲ್ಲ," ಎಂದೆ.

"ದೇವರಲ್ಲಂತ ನನಗೂ ಗೊತ್ತೈತಿ ಯವ್ವಾ. ಹೋದವರಿಗೆ ವಾರಕ್ಕೊಂದು ಹೂವರ ಬ್ಯಾಡೇನು?"

"ಯಾರು ಹೋದವರು?"

"ಈ ಫೋಟೋದಾಗಿನ ಕೋಟೆ, ಗುಡಿ. ಇವನ್ನ ಕೆಡವೇ ಅಲ್ಲೇನು ಈ ಬಿಲ್ಡಿಂಗ್ ಕಟ್ಟಿದ್ದು?"

ನಗು ಬಂತು. ಆದರೆ ಪೂರ್ತಿ ಬರಲಿಲ್ಲ. ತಪ್ಪೇನಿದೆ ಅವರದು? ನಮ್ಮ ಮನೆಗಳಲ್ಲಿ ಅಷ್ಟು ದೊಡ್ಡ ಫೋಟೋ ಗೋಡೆಗೆ ಏರುವುದು ಆ ಮನುಷ್ಯ ಹೋದ ಮೇಲೆಯೇ. ಇನ್ನು ಸುತ್ತಮುತ್ತ ಅವರು ದಿನವೂ ನೋಡುತ್ತಿದ್ದದ್ದು ತೋಟ, ಬಂಗಲೆ, ಹಳೇ ಮನೆಗಳನ್ನು ಕೆಡವಿ ಬ್ಲಾಕು ಎಬ್ಬಿಸುವುದನ್ನೇ. ಬಿಲ್ಡರ್ ಕೆಡವಿದ್ದಕ್ಕೆ ಕನಿಷ್ಠ ಒಂದು ಫೋಟೋ ಹಾಕಿಸಿದ್ದಾನಲ್ಲ ಎಂದು ಅವರಿಗೆ ಅವನ ಮೇಲೆ ಗೌರವವೇ ಇತ್ತು.

"ನಮ್ಮೂರು ಆಣೆಕಟ್ಟಿನ ನೀರಾಗ ಹೋತು," ಎಂದರು, ಫೋಟೋದ ಕಡೆಗೇ ನೋಡುತ್ತ. "ಒಮ್ಮೆಲೆ ಬರಲಿಲ್ಲ ನೀರು. ಮೊದಲು ಹೊಲಕ್ಕ ಬಂತು, ಆಮ್ಯಾಲ ಹನಮಪ್ಪನ ಗುಡಿ ಕಟ್ಟಿಗೆ, ಆಮ್ಯಾಲ ನಮ್ಮ ಹೊಸ್ತಿಲಕ್ಕ... ಮನೀದು ಒಂದು ಫೋಟೋ ಇಲ್ಲ. ಇದ್ದಿದ್ರ ಅದಕ್ಕೂ ಮಾಲಿ ಹಾಕತಿದ್ದೆ. ಇವಕ್ಕರ ಫೋಟೋ ಅದಾವ."

ನಾನು ಹೇಳಿದೆ, "ಕಾಕಾ, ಇವು ಬಿದ್ದಿಲ್ಲ. ಬ್ಯಾರೆ ದೇಶದಾಗ ಅದಾವ. ಮಂದಿ ಇವತ್ತಿಗೂ ಟಿಕೆಟ್ ತಗೊಂಡು ಹೋಗಿ ನೋಡಿ ಬರ್ತಾರ."

ಅವರು ನನ್ನ ಮುಖ ನೋಡಿದರು, ಫೋಟೋ ನೋಡಿದರು.

"ಇದೂ? ನೀರಾಗಿಂದೂ ನಿಂತೈತಿ?"

"ನಿಂತೈತಿ."

ಆಮೇಲೆ ಅವರು ಪಟ್ಟ ಅವಸರ ನೋಡಬೇಕಿತ್ತು. ಮಾಲೆಯನ್ನು ಕಿತ್ತು ತೆಗೆದರು, ಹೆಗಲ ಮೇಲಿನ ಟವೆಲ್ಲಿನಿಂದ ಗಾಜು ಒರೆಸಿದರು, ಕೆನ್ನೆ ಕೆನ್ನೆ ಬಡಿದುಕೊಂಡರು. "ಬದುಕಿದ್ದವರಿಗೆ ಮಾಲಿ ಹಾಕಿದ್ನಲ್ಲ ಯವ್ವಾ, ಎಂಥಾ ಅಪಶಕುನ!" ಉಳಿದೆರಡು ಲಾಬಿಗಳಿಗೂ ಓಡಿದರು. ಸೆಕ್ರೆಟರಿ ವಾಕಿಂಗ್ ಮುಗಿಸಿ ಬಂದಾಗ ಎಲ್ಲವೂ ನೀಟಾಗಿತ್ತು. ತಮ್ಮ ಮಾತಿಗೆ ಬೆಲೆ ಬಂತೆಂದು ಅವರು ಖುಷಿಯಾದರು.

ಅಂದಿನಿಂದ ಕಾಕಾರಿಗೆ ಹೊಸ ಚಟ. ಯಾರ ಕೈಯಲ್ಲಿ ದೊಡ್ಡ ಸೂಟ್‌ಕೇಸ್ ಕಂಡರೂ, "ಆ ಕಡೆ ಹೊಂಟ್ರ ನಮ್ಮ ನೀರಕೋಟೆ ನೋಡಿ ಬರ್ರಿ ಸಾರ್," ಎನ್ನುವುದು. ಹುಬ್ಬಳ್ಳಿಗೆ ಹೊರಟವರಿಗೂ ಬಿಡುತ್ತಿರಲಿಲ್ಲ. ಕಡೆಗೆ ಹೋಗುವ ಯೋಗ ಬಂದದ್ದು ನನಗೆ. ಆಫೀಸಿನ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ಒಂದು ಭಾನುವಾರ ರೈಲು ಹಿಡಿದು, ಬಸ್ಸು ಹಿಡಿದು ಹೋದೆ. ಮೋಡ ಕವಿದಿತ್ತು. ಕೆರೆಯಲ್ಲಿ ಹಂಸಗಳಿದ್ದವು. ಜೊತೆಗಿದ್ದ ಪ್ರವಾಸಿಗಳು ರಾಜರಾಣಿಯರ ಕಥೆ ಕೇಳುತ್ತಿದ್ದರೆ ನಾನು ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಗೋಡೆಗೆ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಿದ್ದೆ. ಕ್ಯಾಮೆರಾದ ತುಂಬ ಅದೇ ಫೋಟೋ.

ವಾಪಸು ಬಂದಾಗ ಅವರು ಮೊದಲು ಕೇಳಿದ್ದೂ ಅದನ್ನೇ. "ಒಳಗ ಬಂದೈತೇನು ನೀರು?"

"ಇಲ್ಲ ಕಾಕಾ. ಗ್ವಾಡಿ ತನಕ ಬಂದು ನಿಂತೈತಿ."

"ನಿಂತೈತಿ," ಎಂದರು. ಟೋಪಿ ತೆಗೆದು ಕಣ್ಣು ಒರೆಸಿಕೊಂಡರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಮತ್ತೆ ಕಂಡಿಲ್ಲ.

ಕೆಲವು ವರ್ಷಗಳ ನಂತರ ಕಾಲು ಸೋತು ಅವರು ಮಗನ ಹತ್ತಿರ, ಮುಳುಗಡೆಯವರಿಗೆ ಕಟ್ಟಿಕೊಟ್ಟ ಊರಿಗೆ ಹೊರಟುಹೋದರು. ಲಾಬಿಗಳಿಗೆ ಹೊಸ ಟೈಲ್ಸ್ ಬಂತು, ಗೋಡೆಗೆ ಟಿವಿ ಬಂತು. ಫೋಟೋಗಳು ಕಸದ ಲಾರಿ ಹತ್ತುವ ಹೊತ್ತಿಗೆ ನಾನು ನೀರಕೋಟೆಯನ್ನು ಬಿಡಿಸಿಕೊಂಡು ತಂದು ನಮ್ಮ ಮನೆಯ ಹಾಲ್‌ನ ಗೋಡೆಗೆ ಹಾಕಿಸಿದೆ. ಕಳೆದ ವಾರ, ಬಾಗಲಕೋಟೆ ಕಡೆಯವನೇ ಆದ ಈಗಿನ ಸೆಕ್ಯೂರಿಟಿ ಹೇಳಿದ, "ಕಾಕಾ ಹೋದ್ರಂತ್ರಿ ಅಕ್ಕಾ."

ಮೊನ್ನೆ ಹೂವು ತಂದವಳು ಅವರ ಫೋಟೋ ಹುಡುಕಿದೆ. ಹಳೇ ಕ್ಯಾಮೆರಾ, ಲ್ಯಾಪ್‌ಟಾಪು, ಫೋನು... ಹಬ್ಬಗಳಿವೆ, ಮಕ್ಕಳ ಹುಟ್ಟುಹಬ್ಬಗಳಿವೆ, ಕೋಟೆಯಂತೂ ಎಲ್ಲ ಕೋನದಿಂದಲೂ ಇದೆ. ಕಾಕಾ ಎಲ್ಲೂ ಇಲ್ಲ. ಅವರ ಮನೆಯ ಹಾಗೆಯೇ.

ಮಾಲೆ ಹಿಡಿದು ನೀರಕೋಟೆಯ ಮುಂದೆ ತುಂಬ ಹೊತ್ತು ನಿಂತೆ. ಅದಕ್ಕೆ ಹಾಕುವಂತಿಲ್ಲ. ಅದು ಇನ್ನೂ ನಿಂತಿದೆ.